ದೇಹಕ್ಕಿಂತ ಮೊದಲು

ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ, ದಟ್ಟ ಕಾಡಿನ ನಡುವೆ, ಹೆಸರಿಗೆ ಬದಲು ಬರೀ ನಂಬರು ಹೊತ್ತ ಕೆರೆಗಳಿವೆ. ವಿಜ್ಞಾನಿಗಳ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳು ಅವು. ಅವುಗಳಲ್ಲಿ 260ನೆಯ ನಂಬರಿನ ಕೆರೆಗೆ 2001ರಿಂದ 2003ರವರೆಗೆ ಮೂರು ಬೇಸಿಗೆ ಕ್ಯಾರೆನ್ ಕಿಡ್ ಮತ್ತು ಸಂಗಡಿಗರು ಗರ್ಭನಿರೋಧಕ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜನ್ ಬೆರೆಸುತ್ತ ಹೋದರು. ಬೆರೆಸಿದ್ದು ಲೀಟರು ನೀರಿಗೆ ಐದಾರು ನ್ಯಾನೊಗ್ರಾಂ ನಿಲ್ಲುವಷ್ಟು ಮಾತ್ರ. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಗಂಡುಗಳ ಯಕೃತ್ತು, ಹೆಣ್ಣು ಮೀನು ಮೊಟ್ಟೆ ಕಟ್ಟುವಾಗ ತಯಾರಿಸಬೇಕಾದ ಭಂಡಾರದ ಪ್ರೋಟೀನನ್ನು ತಯಾರಿಸತೊಡಗಿತು. ಕೆಲವು ಗಂಡುಗಳ ವೃಷಣದೊಳಗೇ ಮೊಟ್ಟೆಯ ಕೋಶಗಳು ಕಂಡವು. ಕೆಲವೇ ವರ್ಷಗಳಲ್ಲಿ ಆ ಮೀನಿನ ಸಂತತಿ ಆ ಕೆರೆಯಿಂದ ಅಳಿದುಹೋಗುವ ಹಂತ ಮುಟ್ಟಿತು. ಅದನ್ನು ತಿಂದು ಬದುಕುತ್ತಿದ್ದ ದೊಡ್ಡ ಮೀನುಗಳೂ ಸೊರಗಿದವು.

ನ್ಯಾನೊಗ್ರಾಂ ಎಂದರೆ ಗ್ರಾಮನ್ನು ನೂರು ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಪಾಲು. ಹೀಗೆ ಹೇಳಿದರೆ ಮನಸ್ಸಿಗೆ ಏನೂ ಮೂಡುವುದಿಲ್ಲ, ನಮ್ಮ ಕಡೆಯ ಲೆಕ್ಕ ಹಾಕೋಣ. ಕೃಷ್ಣರಾಜಸಾಗರ ಭರ್ತಿಯಾದಾಗ ಅದರಲ್ಲಿರುವುದು 49.45 ಟಿಎಂಸಿ, ಅಂದರೆ ಸುಮಾರು 1.4 ಲಕ್ಷ ಕೋಟಿ ಲೀಟರು ನೀರು. ಆ ಇಡೀ ಜಲರಾಶಿಯನ್ನು 260ನೆಯ ಕೆರೆಯ ಸ್ಥಿತಿಗೆ ತರಲು ಏಳು ಕೆ.ಜಿ. ಹಾರ್ಮೋನು ಸಾಕು. ಒಬ್ಬ ಮನುಷ್ಯ ಕೈಚೀಲದಲ್ಲಿ ಒಯ್ಯಬಹುದಾದ ತೂಕ. ನೀರಿನ ಬಣ್ಣ ಕೆಡುವುದಿಲ್ಲ, ವಾಸನೆ ಬರುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಅಷ್ಟಾದರೂ ಬೆರಳುದ್ದದ ಗಂಡು ಮೀನಿನ ಯಕೃತ್ತಿಗೆ ಅದು ಗೊತ್ತಾಯಿತು.

ಈ ಗೊತ್ತಾಗುವಿಕೆ ನನ್ನನ್ನು ಬಹಳ ಕಾಡಿದೆ. ವಿಷ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಒಳಹೊಕ್ಕು ಹಾಳುಮಾಡುವ ವಸ್ತು. ಆಮ್ಲ ಸುಡುತ್ತದೆ, ಸಯನೈಡ್ ಜೀವಕೋಶದ ಉಸಿರು ಕಟ್ಟಿಸುತ್ತದೆ. ಹಾರ್ಮೋನಿನ ವೇಷ ತೊಟ್ಟ ರಾಸಾಯನಿಕ ಹಾಗೆ ಏನನ್ನೂ ಮುರಿಯುವುದಿಲ್ಲ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಹರಿದು ಬರುವ ಈಸ್ಟ್ರೋಜನ್, ಜೀವಕೋಶದೊಳಗೆ ಅದಕ್ಕೆಂದೇ ಇರುವ ಗ್ರಾಹಕ ಪ್ರೋಟೀನಿನಲ್ಲಿ ಕೂತುಕೊಂಡಾಗ, ಆ ಗ್ರಾಹಕ ವಂಶವಾಹಿಗಳ ಬಳಿಗೆ ಹೋಗಿ ಇಂಥ ಕೆಲಸ ಶುರುವಾಗಲಿ ಎಂದು ಹೇಳುತ್ತದೆ. ಬಂದು ಕೂತವರು ಯಾರು, ಸ್ವಂತ ಅಂಡಾಶಯದಿಂದ ಬಂದವರೋ ಪ್ಲಾಸ್ಟಿಕ್ ಡಬ್ಬಿಯಿಂದ ಬಂದವರೋ ಎಂದು ಗ್ರಾಹಕ ವಿಚಾರಿಸುವುದಿಲ್ಲ. 260ನೆಯ ಕೆರೆಯ ಮೀನಿನ ಯಕೃತ್ತಿಗೆ ಕಾಯಿಲೆ ಬಂದಿರಲಿಲ್ಲ. ಬಂದ ಆಜ್ಞೆಯನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಅಂಗ ಸರಿಯಾಗಿಯೇ ಇದ್ದು, ಕೆಲಸವನ್ನು ಸರಿಯಾಗಿಯೇ ಮಾಡಿ, ಆ ಮೂಲಕವೇ ಜೀವಿಯ ಕುಲ ಕೆಡುವುದು ಹೇಗೆ ಸಾಧ್ಯ? ಕೇಡು ಎಂದರೆ ಹಾನಿ ಎಂದಷ್ಟೇ ತಿಳಿದ ನಮ್ಮ ಬುದ್ಧಿಗೆ ಇದು ಸುಲಭವಾಗಿ ಹಿಡಿಯುವುದಿಲ್ಲ.

ಇನ್ನೊಂದು ಮಾತೂ ಇದೆ. ಇಲ್ಲಿ ಎಷ್ಟು ಎಂಬುದರ ಜೊತೆಗೇ ಯಾವಾಗ ಎಂಬುದೂ ಬರುತ್ತದೆ. ಬೆಳೆದ ದೇಹದಲ್ಲಿ ಬಂದು ಹೋಗಿ ಮರೆತುಹೋಗುವ ಸಂದೇಶ, ಬಸಿರಿನೊಳಗೆ ಅಂಗಾಂಗ ಮೂಡುವ ವಾರಗಳಲ್ಲಿ ಬಂದರೆ ಬದುಕಿಡೀ ಉಳಿಯುತ್ತದೆ.

1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ತಯಾರಿಸಿದರು. ಇದೇ ಡಾಡ್ಸ್ ಅದಕ್ಕೆ ಎರಡು ವರ್ಷ ಮೊದಲು ಬಿಸ್ಫಿನಾಲ್-ಎ ಎಂಬ ಇನ್ನೊಂದು ರಾಸಾಯನಿಕಕ್ಕೂ ಈಸ್ಟ್ರೋಜನ್ನಿನ ಗುಣವಿದೆಯೆಂದು ತೋರಿಸಿದ್ದರು. ಮುಂದೆ ಅದು ಔಷಧಿಯಾಗಲಿಲ್ಲ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನ ಮೂಲದ್ರವ್ಯವಾಗಿ ಜಗತ್ತನ್ನೆಲ್ಲ ತುಂಬಿತು. ಔಷಧಿಯಾದದ್ದು ಮೊದಲು ಹೇಳಿದ್ದು. ಗರ್ಭಪಾತ ತಡೆಯುತ್ತದೆಂದು ಅಮೆರಿಕದಲ್ಲಿ ದಶಕಗಳ ಕಾಲ ಬಸುರಿಯರಿಗೆ ಕೊಟ್ಟರು. ತಾಯಂದಿರಿಗೆ ಏನೂ ಆದಂತೆ ಕಾಣಲಿಲ್ಲ. 1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್ಸ್ಟ್ ಮತ್ತಿಬ್ಬರು ವೈದ್ಯರು, ಹದಿಹರೆಯದ ಕೆಲವು ಹುಡುಗಿಯರಲ್ಲಿ ಅತಿ ಅಪರೂಪದ ಯೋನಿ ಕ್ಯಾನ್ಸರನ್ನು ಕಂಡು ಕಾರಣ ಹುಡುಕುತ್ತ ಹೋದಾಗ, ದಾರಿ ಅವರ ತಾಯಂದಿರು ಬಸುರಿನಲ್ಲಿ ನುಂಗಿದ ಮಾತ್ರೆಗೆ ಹೋಗಿ ನಿಂತಿತು. ಅಮ್ಮ ನುಂಗಿದ್ದು ಏನೆಂಬುದು ಗೊತ್ತಾಗಲು ಮಗಳು ಬೆಳೆದು ದೊಡ್ಡವಳಾಗಬೇಕಾಯಿತು.

ಕನ್ನಡಿಗರಿಗೆ ಇದು ದೂರದ ಕತೆಯಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಊರಿದೆ, ಕನ್ನಡ ಮಾತಾಡುವ ಊರು. ಗುಡ್ಡದ ನೆತ್ತಿಯಲ್ಲಿ ಗೇರು ತೋಟ, ಇಳಿಜಾರಿನ ಕೆಳಗೆ ಮನೆ, ಅಡಿಕೆ, ತೋಡು. ಕುಡಿಯಲು ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದಿಂದ ಹರಿದು ಬರುವ ನೀರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗಡಿಯ ಈಚೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ತೋಟಗಳ ಮೇಲೆ ಅದೇ ಸುರಿಯಿತು. ಪಡ್ರೆಯಲ್ಲಿ ಅದರ ಪರಿಣಾಮವನ್ನು ಮೊದಲು ಹೇಳಿದ್ದು ಕಾಲು ತಿರುಚಿಕೊಂಡು ಹುಟ್ಟಿದ ಕರುಗಳು. ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಅಲ್ಲಿಯೇ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಿಗೆ ಒಂದು ಪುಟ್ಟ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಹುಟ್ಟಿನ ಊನ, ಬುದ್ಧಿಮಾಂದ್ಯ, ಮೂರ್ಛೆರೋಗ ಏಕೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು 10ರಿಂದ 19 ವರ್ಷದ 117 ಹುಡುಗರನ್ನು, ಹೋಲಿಕೆಗೆಂದು ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಎಂಡೋಸಲ್ಫಾನಿಗೆ ಒಡ್ಡಿಕೊಂಡ ಹುಡುಗರಲ್ಲಿ ಪ್ರೌಢತೆ ತಡವಾಗುತ್ತಿತ್ತು, ಟೆಸ್ಟೊಸ್ಟೀರಾನ್ ಹಾರ್ಮೋನಿನ ಮಟ್ಟವೂ ವಯಸ್ಸಿಗೆ ತಕ್ಕಂತೆ ಏರುತ್ತಿರಲಿಲ್ಲ.

ಆ 117 ಹುಡುಗರ ಬಗ್ಗೆ ಓದಿದಾಗಲೆಲ್ಲ ನನಗೆ 260ನೆಯ ಕೆರೆಯ ಮೀನು ನೆನಪಾಗುತ್ತದೆ, ನೆನಪಾಗುವುದಕ್ಕೇ ಸಂಕಟವಾಗುತ್ತದೆ. ಕೆನಡಾದ ಕೆರೆಯನ್ನು ಪ್ರಯೋಗಕ್ಕೆಂದು ತಿಳಿದೇ ಆರಿಸಿದ್ದರು. ಪಡ್ರೆಯನ್ನು ಯಾರೂ ಆರಿಸಿರಲಿಲ್ಲ. ಆದರೂ ಎರಡೂ ಕಡೆ ಅಳತೆ ಮಾಡಿದ್ದು ಯಂತ್ರವಲ್ಲ. ಮೀನಿನ ಯಕೃತ್ತು, ಅಮೆರಿಕದ ಹೆಣ್ಣುಮಕ್ಕಳ ಗರ್ಭಾಂಗ, ಪಡ್ರೆಯ ಹುಡುಗರ ತಡವಾದ ಯೌವನ: ಹಾರ್ಮೋನು ಕೆಡಿಸುವ ಮಾಲಿನ್ಯದ ಚರಿತ್ರೆಯಲ್ಲಿ ಮಾಪಕಗಳಾಗಿ ಕೆಲಸ ಮಾಡಿದ್ದು ಇವು. ದೇಹವೇ ಅಳೆದು, ದೇಹವೇ ಫಲಿತಾಂಶ ಬರೆದು, ಆಮೇಲೆ ನಾವು ಓದಿದೆವು. ಅಷ್ಟಾದ ಮೇಲೂ ಸಾಕ್ಷ್ಯ ಸಾಲದು ಎಂದವರಿದ್ದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಪಡ್ರೆಯಿಂದ ತರಿಸಿದ ನೀರು, ರಕ್ತ, ಹಾಲಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆಯೆಂದಿತು. ಆ ಗೇರು ತೋಟಗಳನ್ನು ನಡೆಸುತ್ತಿದ್ದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ಇಲ್ಲವೆಂದಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ.

ಇಂಥ ವಸ್ತುಗಳನ್ನು ನೀರಿನಲ್ಲಿ ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿರುವ ಎಲೆಕ್ಟ್ರೋಕೆಮಿಕಲ್ ಸೆನ್ಸರುಗಳನ್ನು ನಾನು ನೋಡುವುದು ಈ ಹಿನ್ನೆಲೆಯಲ್ಲಿ. ದೇಹಕ್ಕೆ ಒಪ್ಪಿಸಿದ್ದ ಒಂದು ಕ್ರೂರ ಕೆಲಸವನ್ನು ಅದರಿಂದ ಬಿಡಿಸಿ, ಚಿಟಿಕೆ ಇಂಗಾಲಕ್ಕೆ ಒಪ್ಪಿಸುವ ಪ್ರಯತ್ನ ಅದು.

ಹೆಸರು ದೊಡ್ಡದಾದರೂ ಇದು ಮನೆಮನೆಯಲ್ಲಿರುವ ವಸ್ತು. ಬೆರಳು ಚುಚ್ಚಿ ಶುಗರ್ ನೋಡುವ ಪಟ್ಟಿ ಇದೇ ಜಾತಿಯದು. ರಕ್ತದ ಸಕ್ಕರೆ ಪಟ್ಟಿಯ ಮೇಲಿನ ಕಿಣ್ವದೊಡನೆ ವರ್ತಿಸಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಹರಿದ ವಿದ್ಯುತ್ತನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ನೀರಿನಲ್ಲಿರುವ ಬಿಸ್ಫಿನಾಲ್‌ಗೆ ಕಿಣ್ವವೂ ಬೇಕಿಲ್ಲ. ಎಲೆಕ್ಟ್ರೋಡಿಗೆ ಕೊಡುವ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ, ಅರ್ಧ ವೋಲ್ಟಿನ ಆಸುಪಾಸಿನಲ್ಲಿ ಆ ಅಣು ತಡೆಯಲಾರದೆ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಸಪಾಟಾಗಿ ಸಾಗುತ್ತಿದ್ದ ಗೆರೆ ಅಲ್ಲಿ ಗುಡ್ಡದಂತೆ ಏಳುತ್ತದೆ. ಗುಡ್ಡ ಎದ್ದ ಜಾಗ ನೋಡಿ ವಸ್ತು ಯಾವುದಿರಬಹುದೆಂದು, ಎತ್ತರ ನೋಡಿ ಎಷ್ಟಿದೆಯೆಂದು ಊಹಿಸುತ್ತಾರೆ. ಈ ವಿದ್ಯೆಗೆ ಅಡಿಪಾಯ ಹಾಕಿದ್ದು 1922ರಲ್ಲಿ ಪ್ರಾಗ್ ನಗರದ ಯಾರೊಸ್ಲಾವ್ ಹೆಯ್ರೊವ್‌ಸ್ಕಿ. 1959ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಎಲೆಕ್ಟ್ರೋಡು ಸಣ್ಣ ಕೊಳವೆಯಿಂದ ತೊಟ್ಟಿಕ್ಕುವ ಪಾದರಸ. ಪ್ರತಿ ಹನಿಗೂ ಹೊಸ ಮೈ, ಹಿಂದಿನ ಹನಿಯ ಕೊಳೆ ಅಲ್ಲಿರುವುದಿಲ್ಲ. ಆದರೆ ಬಿಸ್ಫಿನಾಲ್‌ನಂಥವಕ್ಕೆ ಬೇಕಾದ ಧನ ವೋಲ್ಟೇಜಿನಲ್ಲಿ ಪಾದರಸ ತಾನೇ ಕರಗಿಹೋಗುತ್ತದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ ಅದಕ್ಕೆ ಬದಲು ಇಂಗಾಲವನ್ನೇ ಹನಿಹನಿಯಾಗಿ ತೊಟ್ಟಿಕ್ಕಿಸಲು ಹೋಗಿ, ಅದಾಗದೆ, 1958ರಲ್ಲಿ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡಿಗೆ ಬಂದು ತಲುಪಿದರು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಈ ಪೇಸ್ಟಿನ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ. ಅದನ್ನು ಮಾಡುವ ಕೈಗಳನ್ನು ಹತ್ತಿರದಿಂದ ನೋಡಬೇಕು. ಏಳು ಪಾಲು ಗ್ರಾಫೈಟ್ ಪುಡಿಗೆ ಮೂರು ಪಾಲು ಸಿಲಿಕೋನ್ ಎಣ್ಣೆ ಸೇರಿಸಿ, ಅಗೇಟ್ ಕಲ್ಲಿನ ಪುಟ್ಟ ಬಟ್ಟಲಿನಲ್ಲಿ ಅರೆಯುತ್ತಾರೆ. ಅವಸರ ಮಾಡಿದರೆ ಗಂಟು ಉಳಿಯುತ್ತದೆ, ಗಂಟು ಉಳಿದರೆ ಗೆರೆ ನಡುಗುತ್ತದೆ. ಕಾಡಿಗೆಯಂತೆ ನುಣ್ಣಗಾದ ಆ ಕಪ್ಪು ಮುದ್ದೆಯನ್ನು ಟೆಫ್ಲಾನ್ ಕೊಳವೆಯ ತುದಿಯ ಗುಳಿಯಲ್ಲಿ ಗಾಳಿ ಉಳಿಯದಂತೆ ಒತ್ತಿ ತುಂಬಿ, ನಯವಾದ ಕಾಗದದ ಮೇಲೆ ತುದಿಯನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಾರೆ. ಮೊದಲ ಸಲ ಅದ್ದಿದಾಗ ಪರದೆಯ ಮೇಲೆ ಗುಡ್ಡ ಚೆನ್ನಾಗಿಯೇ ಏಳುತ್ತದೆ. ಎರಡನೆಯ ಸಲ ಅದ್ದಿದರೆ ಕುಗ್ಗಿರುತ್ತದೆ. ಇನ್ನೂ ಅದ್ದುತ್ತ ಹೋದರೆ ಗೆರೆ ಮತ್ತೆ ಸಪಾಟು. ನೀರಿನಲ್ಲಿ ಬಿಸ್ಫಿನಾಲ್ ಹಾಗೆಯೇ ಇದೆ, ಎಲೆಕ್ಟ್ರೋಡಿಗೆ ಕಾಣುತ್ತಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ವಿದ್ಯುತ್ ಹರಿಯಗೊಡದ ತೆಳು ಪೊರೆಯಾಗಿ ಅದರ ಮೈಗೆ ಅಂಟಿರುತ್ತವೆ. ತಾನು ಕಂಡದ್ದೇ ತನ್ನ ಕಣ್ಣಿಗೆ ಕಟ್ಟಿಕೊಂಡಿದೆ. ಆಗ ಕೊಳವೆಯ ಹಿಂದಿನಿಂದ ಪೇಸ್ಟನ್ನು ಕೂದಲೆಳೆಯಷ್ಟು ಮುಂದೆ ತಳ್ಳಿ, ಹೊರಬಂದದ್ದನ್ನು ಒರೆಸಿ, ಮತ್ತೆ ಕಾಗದಕ್ಕೆ ತಿಕ್ಕುತ್ತಾರೆ. ಹೊಸ ಮೈ ಬರುತ್ತದೆ, ಗುಡ್ಡ ಮತ್ತೆ ಏಳುತ್ತದೆ. ಇಷ್ಟು ಸಣ್ಣ ಕೆಲಸದಲ್ಲಿ ಇಷ್ಟು ತಾಳ್ಮೆ ಬೇಡುವ ಮಾಪಕದ ಮೇಲೆ ನನಗೆ ಗೌರವವಿದೆ. ಮೀನಿನ ಯಕೃತ್ತಿಗೆ ಹೀಗೆ ಹೊಸ ಮೈ ಬರಿಸಲು ಆಗುವುದಿಲ್ಲವಲ್ಲ.

ಈ ಅಣುಗಳ ರಚನೆಯನ್ನು ನೋಡುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆಯೇ. ಈಸ್ಟ್ರಡಯಾಲ್ ಎಂಬ ಸಹಜ ಹಾರ್ಮೋನು, ಗುಳಿಗೆಯ ಕೃತಕ ಹಾರ್ಮೋನು, ಡಾಡ್ಸ್ ಮಾಡಿದ ಔಷಧಿ, ಬಿಸ್ಫಿನಾಲ್-ಎ, ಡಿಟರ್ಜೆಂಟುಗಳಿಂದ ಬರುವ ನೋನಿಲ್‌ಫಿನಾಲ್, ಇವೆಲ್ಲದರ ಮೈಯಲ್ಲೂ ಸಮಾನವಾಗಿರುವುದು ಒಂದು ಬೆಂಜೀನ್ ಉಂಗುರ ಮತ್ತು ಅದಕ್ಕೆ ಅಂಟಿದ ಆಮ್ಲಜನಕ–ಜಲಜನಕದ ಜೋಡಿ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಫಿನಾಲ್ ಎನ್ನುತ್ತಾರೆ. ಈಸ್ಟ್ರೋಜನ್ ಗ್ರಾಹಕ ತನ್ನ ಗುಳಿಯೊಳಗೆ ಹಿಡಿದುಕೊಳ್ಳುವುದು ಮುಖ್ಯವಾಗಿ ಆ ಜೋಡಿಯನ್ನೇ. ಎಲೆಕ್ಟ್ರೋಡು ಎಲೆಕ್ಟ್ರಾನ್ ಸೆಳೆದುಕೊಳ್ಳುವುದೂ ಅದೇ ಜಾಗದಿಂದ. ಕೋಟ್ಯಂತರ ವರ್ಷ ಹಿಂದೆ ಜೀವ ವಿಕಾಸದಲ್ಲಿ ಮೂಡಿದ ಪ್ರೋಟೀನು, ಮೊನ್ನೆ ಮೊನ್ನೆ ಅರೆದ ಗ್ರಾಫೈಟ್ ಮುದ್ದೆ, ಎರಡೂ ಈ ಅಣುವನ್ನು ಮುಟ್ಟಿ ಗುರುತಿಸುವುದು ಒಂದೇ ಕಡೆ. ಎರಡೂ ಮೋಸ ಹೋಗುವುದೂ ಅಲ್ಲೇ. ಸಹಜ ಹಾರ್ಮೋನಿನ ಗುಡ್ಡವೂ ಬಿಸ್ಫಿನಾಲ್‌ನ ಗುಡ್ಡವೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಎದ್ದು ಒಂದರಲ್ಲೊಂದು ಕಲಸಿಹೋಗುತ್ತವೆ.

ಇದು ಹಾರ್ಮೋನು ಕೆಡಿಸುವ ಎಲ್ಲ ವಸ್ತುಗಳ ಮಾತಲ್ಲ. ಎಂಡೋಸಲ್ಫಾನಿನಲ್ಲಿ ಫಿನಾಲ್ ಇಲ್ಲ, ಪ್ಲಾಸ್ಟಿಕ್ ಮೆದುಗೊಳಿಸುವ ಥಾಲೇಟುಗಳಲ್ಲೂ ಇಲ್ಲ. ಅವುಗಳ ದಾರಿ ಬೇರೆ, ಅವನ್ನು ಹಿಡಿಯುವ ಉಪಾಯವೂ ಬೇರೆಯಾಗಬೇಕು.

ಕಲಸಿಹೋಗುವುದನ್ನು ರಸಾಯನವಿಜ್ಞಾನಿ ದೋಷವೆಂದು ಬಗೆಯುತ್ತಾನೆ, ಅವನ ದೃಷ್ಟಿಯಿಂದ ಅದು ಸರಿಯೇ. ಆದ್ದರಿಂದ ಎಲೆಕ್ಟ್ರೋಡಿನ ಮೈಮೇಲೆ ಕಾವಲು ಕೂರಿಸುತ್ತಾರೆ. ಬೇಕಾದ ಅಣುವಿನ ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಅಣುವನ್ನು ತೊಳೆದು ತೆಗೆದರೆ ಅದರದೇ ಆಕಾರದ ಗುಳಿ ಉಳಿಯುತ್ತದೆ, ಇನ್ನೊಂದು ಅಣುವಿಗೆ ಅಲ್ಲಿ ಜಾಗವಿಲ್ಲ. ಒಂದೇ ಅಣುವಿಗೆ ಅಂಟಿಕೊಳ್ಳುವಂತೆ ಆರಿಸಿ ತೆಗೆದ ಡಿಎನ್‌ಎ ಎಳೆಗಳನ್ನು ನೆಡುವುದೂ ಇದೆ. ಹೀಗೆ ಮಾಡಿದ ಸೆನ್ಸರ್ ಬಿಸ್ಫಿನಾಲ್-ಎ ಒಂದನ್ನೇ ಹೆಸರು ಹಿಡಿದು ಕರೆಯುತ್ತದೆ. ಕಾನೂನಿಗೆ ಇಂಥದ್ದು ಬೇಕು, ನಿಷೇಧವಾಗುವುದು ಹೆಸರಿನ ಮೇಲೆ ತಾನೇ. ಆದರೆ ಬಿಸ್ಫಿನಾಲ್-ಎ ಎಂಬ ಹೆಸರಿಗೆ ಕೆಟ್ಟ ಖ್ಯಾತಿ ಬಂದೊಡನೆ, ಅಂಗಡಿಯ ಬಿಲ್ಲು ಅಚ್ಚಾಗುವ ಥರ್ಮಲ್ ಕಾಗದದಲ್ಲಿ ಅನೇಕ ಕಡೆ ಬಿಸ್ಫಿನಾಲ್-ಎಸ್ ಬಂದು ಕೂತಿತು. ಅದಕ್ಕೂ ಈಸ್ಟ್ರೋಜನ್ನಿನ ಗುಣವಿದೆ. ಒಂದೇ ಹೆಸರು ಕಲಿತ ಸೆನ್ಸರಿನ ಮುಂದೆ ಹಾದುಹೋದರೂ ಅದಕ್ಕೆ ತಿಳಿಯುವುದಿಲ್ಲ. ಗ್ರಾಹಕಕ್ಕೆ ತಿಳಿಯುತ್ತದೆ.

2002ರಲ್ಲಿ ಲಂಡನ್ನಿನ ಆಂಡ್ರಿಯಾಸ್ ಕಾರ್ಟೆನ್‌ಕ್ಯಾಂಪ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ದುರ್ಬಲ ಈಸ್ಟ್ರೋಜನ್ ಗುಣದ ಎಂಟು ರಾಸಾಯನಿಕಗಳನ್ನು ತೆಗೆದುಕೊಂಡು, ಪ್ರತಿಯೊಂದನ್ನೂ ಅದು ಏನೂ ಮಾಡಲಾರದಷ್ಟು ಕಡಿಮೆ ಪ್ರಮಾಣದಲ್ಲಿ ಬೆರೆಸಿದರು. ಆ ಮಿಶ್ರಣಕ್ಕೆ ಜೀವಕೋಶಗಳು ಸ್ಪಷ್ಟವಾಗಿಯೇ ಓಗೊಟ್ಟವು. ಎಂಟು ಬೇರೆ ಬೇರೆ ಸೆನ್ಸರುಗಳನ್ನು ಅದ್ದಿದ್ದರೆ ಎಂಟೂ ಅಪಾಯವಿಲ್ಲ ಎನ್ನುತ್ತಿದ್ದವು, ಎಂಟೂ ನಿಜವನ್ನೇ ಹೇಳುತ್ತಿದ್ದವು. ನದಿಯಲ್ಲಿ ಹರಿಯುವುದು ಎಂಟಲ್ಲ, ನೂರಾರು. ಆದ್ದರಿಂದ ಈಸ್ಟ್ರೋಜನ್ ಗ್ರಾಹಕ ಪ್ರೋಟೀನನ್ನೇ ತಂದು ಎಲೆಕ್ಟ್ರೋಡಿನ ಮೇಲೆ ಕೂರಿಸುವವರ ಕೆಲಸ ನನಗೆ ಹೆಚ್ಚು ಆಳವಾದದ್ದೆನಿಸುತ್ತದೆ. ಯಾರು ಬಂದರು ಎಂದು ಅದು ಹೇಳಲಾರದು. ಬಂದವರೆಲ್ಲ ಸೇರಿ ದೇಹಕ್ಕೆ ಏನು ಹೇಳುತ್ತಿದ್ದಾರೆಂದು ಹೇಳಬಲ್ಲದು. ಪ್ರೋಟೀನು ಬೇಗ ಕೆಡುತ್ತದೆ, ಬೆಲೆ ಹೆಚ್ಚು, ಒಂದರಂತೆ ಇನ್ನೊಂದು ಪಟ್ಟಿ ಮಾಡುವುದು ಕಷ್ಟ. ಹಾಗಿದ್ದರೂ ಪ್ರಶ್ನೆ ಸರಿಯಾದದ್ದು.

ದೂರ ಇನ್ನೂ ಬಹಳವಿದೆ. ಒಂದು ನ್ಯಾನೊಮೋಲಾರ್‌ವರೆಗೆ ಕಾಣುವ ಸೆನ್ಸರ್ ಮಾಡಿದೆವೆಂದು ಸಂಶೋಧಕರು ಬರೆದಾಗ ಅದು ಸಣ್ಣ ಸಾಧನೆಯಲ್ಲ. ಬಿಸ್ಫಿನಾಲ್-ಎ ಮಟ್ಟಿಗೆ ಅದು ಲೀಟರಿಗೆ 228 ನ್ಯಾನೊಗ್ರಾಂ. ಕುಡಿಯುವ ನೀರಿನಲ್ಲಿ ಯುರೋಪು ಒಪ್ಪುವ ಗರಿಷ್ಠ ಮಟ್ಟ 2,500 ನ್ಯಾನೊಗ್ರಾಂ ಆದ್ದರಿಂದ ಅಲ್ಲಿಗೆ ಧಾರಾಳವಾಗಿ ಸಾಕು. ಆದರೆ 260ನೆಯ ಕೆರೆಯ ಹಾರ್ಮೋನು ಆ 228ರ ಸುಮಾರು ನಲವತ್ತನೆಯ ಒಂದು ಪಾಲಿನಷ್ಟು ತೆಳುವಾಗಿತ್ತು. ಅಲ್ಲದೆ ಪ್ರಯೋಗಾಲಯದ ನೀರು ಶುದ್ಧ. ಹೊಳೆಯ ನೀರಿನಲ್ಲಿ ಕೊಳೆತ ಎಲೆಯ ರಸ, ಸಾಬೂನು, ಮಣ್ಣು ಎಲ್ಲವೂ ಇದ್ದು ಎಲೆಕ್ಟ್ರೋಡಿನ ಮೈಗೆ ಮೆತ್ತಿಕೊಳ್ಳುತ್ತವೆ. ನಲ್ಲಿ ನೀರಿಗೆ ತಾವೇ ಒಂದಿಷ್ಟು ಬೆರೆಸಿ, ಬೆರೆಸಿದ್ದರಲ್ಲಿ ಇಷ್ಟು ಪಾಲು ಮರಳಿ ಸಿಕ್ಕಿತೆಂದು ತೋರಿಸಿ ಮುಗಿಯುವ ಪ್ರಬಂಧಗಳು ಬಹಳ ಇವೆ. ಮಳೆಗಾಲದ ತೋಡಿನಲ್ಲಿ ತಿಂಗಳುಗಟ್ಟಲೆ ನಿಂತ ಸೆನ್ಸರಿನ ವರದಿ ಓದಬೇಕೆಂಬುದು ನನ್ನ ಆಸೆ.

ಪರೀಕ್ಷಾ ವರದಿಯಲ್ಲಿ ವಸ್ತುವಿನ ಹೆಸರಿನ ಎದುರು ಪತ್ತೆಯಾಗಿಲ್ಲ ಎಂದು ಬರೆದಿರುತ್ತಾರೆ. ಯಂತ್ರದ ಮಿತಿಯ ಬಗ್ಗೆ ಹೇಳಿದ ಆ ಮಾತನ್ನು ಓದುವವರು ನೀರಿನ ಬಗ್ಗೆ ಹೇಳಿದ್ದೆಂದು ತಿಳಿಯುತ್ತಾರೆ. ಎಷ್ಟರವರೆಗೆ ನೋಡಲು ಶಕ್ತರಾಗಿದ್ದೆವು ಎಂಬ ಅಂಕಿಯನ್ನೂ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಬೇಕು. ಸಿಕ್ಕ ಅಂಕಿಯ ಅರ್ಥವೂ ಶಾಶ್ವತವಲ್ಲ. ಮನುಷ್ಯ ದಿನಕ್ಕೆ ತನ್ನ ಮೈತೂಕದ ಪ್ರತಿ ಕೆ.ಜಿ.ಗೆ 4 ಮೈಕ್ರೊಗ್ರಾಂ ಬಿಸ್ಫಿನಾಲ್-ಎ ಸೇವಿಸಿದರೂ ತೊಂದರೆಯಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತ್ತು. 2023ರಲ್ಲಿ ಅದೇ ಪ್ರಾಧಿಕಾರ ಅದನ್ನು 0.2 ನ್ಯಾನೊಗ್ರಾಮಿಗೆ, ಅಂದರೆ ಇಪ್ಪತ್ತು ಸಾವಿರ ಪಟ್ಟು ಕೆಳಗೆ ಇಳಿಸಿತು. ಅಣು ಬದಲಾಗಿರಲಿಲ್ಲ. ಈ ಸಲ ಅವರು ದೇಹದ ರೋಗನಿರೋಧಕ ಕೋಶಗಳ ಕಡೆಗೂ ನೋಡಿದ್ದರು. ಎಂಟು ವರ್ಷ ಹಿಂದಿನ ಕಾಗದದಲ್ಲಿ ನಿಶ್ಚಿಂತೆಯಿಂದಿರಿ ಎಂದಿದ್ದ ಅಂಕಿ ಕೂತಲ್ಲೇ ಎಚ್ಚರಿಕೆಯಾಯಿತು.

ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಿಂದ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡುತ್ತಾರೆ. ಪೆಟ್ಟಿಗೆಯಲ್ಲಿರುವ ಸೀಸೆಗಳಿಂದ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣದೊಡನೆ ಹೋಲಿಸಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣದಂಥವನ್ನು ನೋಡುತ್ತಾರೆ. ಹಾರ್ಮೋನು ಕೆಡಿಸುವ ವಸ್ತುಗಳಿಗೆ ಆ ಪೆಟ್ಟಿಗೆಯಲ್ಲಿ ಇನ್ನೂ ಏನೂ ಇಲ್ಲ. ಭಾರತದ ಕುಡಿಯುವ ನೀರಿನ ಮಾನಕದಲ್ಲಿ ಎಂಡೋಸಲ್ಫಾನಿಗೆ ಲೀಟರಿಗೆ 0.4 ಮೈಕ್ರೊಗ್ರಾಂ ಎಂಬ ಮಿತಿಯೇನೋ ಇದೆ, ಅದನ್ನು ನೋಡಲು ದೊಡ್ಡ ಪ್ರಯೋಗಾಲಯಕ್ಕೇ ಹೋಗಬೇಕು. ಎಲೆಕ್ಟ್ರೋಕೆಮಿಕಲ್ ಪಟ್ಟಿಯೊಂದು ಆ ಪೆಟ್ಟಿಗೆ ಸೇರುವ ದಿನ ಬರಲೇಬೇಕೆಂದು ನಾನು ಬಯಸುವುದು ಅಗ್ಗವೆಂಬ ಕಾರಣಕ್ಕಷ್ಟೇ ಅಲ್ಲ. ಈ ಮಾಲಿನ್ಯದಲ್ಲಿ ಯಾವಾಗ ಎಂಬುದೇ ಅರ್ಧ ಉತ್ತರ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮನೆಯ ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ ಎಂಬುದು ಪೆಟ್ಟಿಗೆ ಹಿಡಿದ ಆ ಹೆಂಗಸಿಗೆ ಗೊತ್ತು, ಬೆಂಗಳೂರಿನ ಅಥವಾ ದೆಹಲಿಯ ಪ್ರಯೋಗಾಲಯಕ್ಕೆ ಅದು ಎಂದೂ ಗೊತ್ತಾಗುವುದಿಲ್ಲ. ಅಂಕಿ ಸಣ್ಣದಿದ್ದರೂ ಈ ಮೂರು ತಿಂಗಳು ಆ ಮನೆಗೆ ಬೇರೆ ನೀರು ಕೊಡಿ ಎಂದು ಪಂಚಾಯತಿಗೆ ಹೇಳುವ ಅಧಿಕಾರ ಪಟ್ಟಿಯ ಜೊತೆಗೇ ಆಕೆಯ ಕೈಗೆ ಬರಬೇಕು. ಪಟ್ಟಿ ರೂಪಿಸುವವರು ಪ್ರಯೋಗಾಲಯದಲ್ಲಿ ಕೂರುವ ಮೊದಲು ಆಕೆಯ ಬಳಿ ಕೂತು ಕೇಳಬೇಕಾದದ್ದೂ ಬೇಕಷ್ಟಿದೆ: ಯಾವ ತೋಟಕ್ಕೆ ಯಾವ ತಿಂಗಳು ಮದ್ದು ಬಿಡುತ್ತಾರೆ, ಮೊದಲ ಮಳೆ ಬಿದ್ದು ಎಷ್ಟು ದಿನಕ್ಕೆ ತೋಡಿನ ನೀರು ತಿಳಿಯಾಗುತ್ತದೆ, ಗುಡ್ಡದ ಆ ಸುರಂಗದ ನೀರು ಯಾರ್ಯಾರ ಮನೆಗೆ ಹೋಗುತ್ತದೆ.